ಬಂದ ಹನ್ನೊಂದು ಕಿಲೋ, ಹೋದ ಎಂಟು ಕಿಲೋ

2021ರ ಆಗಸ್ಟ್ ತಿಂಗಳು. ಹಿರೇಕೆರೂರಿನ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಆಹಾರ ಸಲಹೆಯ ಕೆಲಸ ನೋಡಿಕೊಳ್ಳುತ್ತಿದ್ದೆ. ಓದಿದ್ದು ನರ್ಸಿಂಗ್. ಹದಿನೆಂಟು ವರ್ಷ ವಾರ್ಡಿನಲ್ಲಿ ಸೂಜಿ ಚುಚ್ಚಿ, ಸಲೈನ್ ಏರಿಸಿ, ಮೊಣಕಾಲು ಸವೆದ ಮೇಲೆ ಡಾಕ್ಟರು ನನಗೆ ಒಂದು ಮೇಜು, ಎರಡು ಕುರ್ಚಿ, ಒಂದು ತೂಕದ ಯಂತ್ರ ಕೊಟ್ಟು ಮೂಲೆಯ ಕೋಣೆಯಲ್ಲಿ ಕೂಡಿಸಿದರು. ಸಕ್ಕರೆ ಕಾಯಿಲೆಯವರಿಗೆ ಅನ್ನ ಎಷ್ಟು, ಬಸುರಿಯರಿಗೆ ಕಬ್ಬಿಣದ ಗುಳಿಗೆ ಯಾವಾಗ, ಕಿಡ್ನಿಯವರಿಗೆ ಉಪ್ಪು ಎಷ್ಟು ಎಂದು ಹೇಳುವುದು ನನ್ನ ಕೆಲಸ. ಅದಕ್ಕಾಗಿ ಹುಬ್ಬಳ್ಳಿಯಲ್ಲಿ ಆರು ತಿಂಗಳ ತರಬೇತಿಯನ್ನೂ ಮುಗಿಸಿಕೊಂಡು ಬಂದಿದ್ದೆ.

ಹೇಳುವುದಕ್ಕಿಂತ ಬರೆದಿಡುವುದರಲ್ಲಿ ನಾನು ಗಟ್ಟಿ. ಒಬ್ಬೊಬ್ಬ ರೋಗಿಗೆ ಒಂದೊಂದು ಪುಟ. ತಾರೀಖು, ತೂಕ, ರಕ್ತದ ಹಿಮೋಗ್ಲೋಬಿನ್, ಕೊನೆಯಲ್ಲಿ ಷರಾ. ಚಪ್ಪಲಿ ಬಿಡಿಸಿ, ಕೈಚೀಲ, ಮೊಬೈಲು ಕೆಳಗಿಡಿಸಿ, ಬೆಳಗಿನ ಹೊತ್ತೇ ತೂಕ ನೋಡುತ್ತಿದ್ದೆ. ಗೋಡೆ ಹಿಡಿದು ನಿಂತವರನ್ನು ಇಳಿಸಿ ಮತ್ತೆ ಹತ್ತಿಸುತ್ತಿದ್ದೆ. ನೂರು ಗ್ರಾಂ ಕೂಡ ಬಿಡುತ್ತಿರಲಿಲ್ಲ. ಡಾಕ್ಟರು ಹೊಸಬರ ಮುಂದೆ, “ನಮ್ಮ ಅಕ್ಕಾರ ಪುಸ್ತಕದಾಗ ಬರದದ್ದು ತಪ್ಪಂಗಿಲ್ಲ” ಅನ್ನುತ್ತಿದ್ದರು. ಆ ಮಾತಿಗೆ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಆ ತಿಂಗಳ ಎರಡನೇ ವಾರ ಮಾಸೂರಿನಿಂದ ಗಂಗವ್ವ ಎಂಬ ಕೂಲಿ ಮಾಡುವ ಹೆಣ್ಣುಮಗಳು ತನ್ನ ಮಗಳನ್ನು ಕರೆದುಕೊಂಡು ಬಂದಳು. ಮಗಳ ಹೆಸರು ರೇಣುಕಾ, ವಯಸ್ಸು ಇಪ್ಪತ್ನಾಲ್ಕು. ಯಂತ್ರದ ಮೇಲೆ ನಿಂತಳು. 35.4 ಕಿಲೋ. ಇಳಿಸಿ ಮತ್ತೆ ಹತ್ತಿಸಿದೆ. ಅಷ್ಟೇ. ಕುಪ್ಪಸದ ತೋಳಿನಲ್ಲಿ ಅವಳ ಕೈ ಗಡಿಯಾರದ ಮುಳ್ಳಿನ ಹಾಗೆ ಕಾಣುತ್ತಿತ್ತು. ಮದುವೆಯಾಗಿ ಎರಡು ವರ್ಷ. ಗಂಡನ ಮನೆ ಶಿಗ್ಗಾಂವಿ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ವರ್ಷದಿಂದ ಭೇದಿ, ಹೊಟ್ಟೆ ಉಬ್ಬರ, ಸುಸ್ತು. ಎರಡು ಸಲ ಗರ್ಭ ನಿಂತು ಹೋಗಿತ್ತು.

“ಮೂರ ತಿಂಗಳಾತ್ರಿ ಅಕ್ಕಾರ, ಬೀಗರು ತಂದು ಬಿಟ್ಟು ಹೋಗಿ. ಮೈ ಹಿಡಿದ ಮ್ಯಾಲ ಕಳಸ್ರಿ ಅಂದಾರ. ಆಕಳ ವ್ಯಾಪಾರ ಮಾಡ್ದಂಗ ಆತು ನೋಡ್ರಿ ನಮ್ಮದು,” ಎಂದಳು ಗಂಗವ್ವ.

“ಆಕಳಾಗಿದ್ರ ಹಾಲರೆ ಕೊಡತಿದ್ದೆ ಬಿಡವ್ವಾ,” ಎಂದು ರೇಣುಕಾ ನಕ್ಕಳು. ನಗುವಷ್ಟು ಶಕ್ತಿ ಆ ಮೈಯಲ್ಲಿ ಎಲ್ಲಿತ್ತೋ.

ಹಿಮೋಗ್ಲೋಬಿನ್ 6.8 ಇತ್ತು. ಕ್ಷಯ ಇರಬಹುದೆಂದು ಮೊದಲು ಅದರ ಪರೀಕ್ಷೆ ಆಯಿತು, ಇರಲಿಲ್ಲ. ಡಾಕ್ಟರು ರಕ್ತವನ್ನು ಹುಬ್ಬಳ್ಳಿಗೆ ಕಳಿಸಿ ಟಿಟಿಜಿ ಎಂಬ ಆಂಟಿಬಾಡಿ ಪರೀಕ್ಷೆ ಮಾಡಿಸಿದರು. ಬಹಳ ಹೆಚ್ಚಿತ್ತು. ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಿದಾಗ ಸೀಲಿಯಾಕ್ ಕಾಯಿಲೆ ಎಂದು ಖಾತ್ರಿಯಾಯಿತು.

ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇರುತ್ತದೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಬರುತ್ತದಲ್ಲ, ಆ ಗುಣ ಅದರದೇ. ಜವೆಗೋಧಿಯಲ್ಲೂ ಅಂಥದ್ದೇ ಇದೆ. ಕೆಲವರ ಮೈಗೆ ಇದು ವೈರಿ. ಒಳಗೆ ಹೋದ ಕೂಡಲೇ ಮೈಯ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆ ತಾನೇ ಬೀಳುತ್ತದೆ. ಸಣ್ಣ ಕರುಳಿನ ಒಳಮೈ ಮಕಮಲ್ಲಿನ ಹಾಗೆ ಎಳೆಎಳೆಯಾಗಿರುತ್ತದೆ. ಉಂಡದ್ದನ್ನು ಹೀರಿಕೊಳ್ಳುವುದು ಆ ಎಳೆಗಳೇ. ಅವು ಸವೆದು ನೆಲಗಟ್ಟಿನ ಹಾಗೆ ಸಪಾಟಾದರೆ ಎಷ್ಟು ಉಂಡರೂ ಹತ್ತುವುದಿಲ್ಲ. ಇದಕ್ಕೆ ಗುಳಿಗೆ ಇಲ್ಲ. ಗೋಧಿಯನ್ನು ಜೀವನಪೂರ್ತಿ ಬಿಡುವುದೊಂದೇ ದಾರಿ. ಪೂರ್ತಿ ಎಂದರೆ ಪೂರ್ತಿ. ದಿನವೂ ಒಂದು ಚೂರು ಚಪಾತಿ ಹೋದರೂ ಕರುಳು ಮಾಯುವುದಿಲ್ಲ.

ಡಾಕ್ಟರು ರೇಣುಕಾಳನ್ನು ನನ್ನ ಕೈಗೆ ಒಪ್ಪಿಸಿದರು. ನನಗೆ ಒಳಗೇ ಖುಷಿಯಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ದೊಡ್ಡ ಊರುಗಳಲ್ಲಿ ಈ ರೋಗಿಗಳಿಗೆ ಗ್ಲುಟೆನ್ ಇಲ್ಲದ ಹಿಟ್ಟು, ಬಿಸ್ಕತ್ತು ಅಂತ ಡಬ್ಬಿಯಲ್ಲಿ ಕೊಂಡು ತಿನ್ನಿಸುತ್ತಾರೆ. ನಮಗೆ ಅದರ ಉಸಾಬರಿ ಯಾಕೆ? ಜೋಳ ಇದೆ, ಅಕ್ಕಿ ಇದೆ, ನವಣೆ, ಗೋವಿನಜೋಳ ಇವೆ. ಒಂದರಲ್ಲೂ ಗ್ಲುಟೆನ್ ಇಲ್ಲ. “ನಿನ್ನ ಔಷಧ ನಿಮ್ಮವ್ವನ ಹಂಚಿನ ಮ್ಯಾಲ ಐತಿ ನೋಡ,” ಎಂದೆ. ಚಪಾತಿ, ರವೆ, ಮೈದಾ, ಶ್ಯಾವಿಗೆ, ಬ್ರೆಡ್ಡು, ಬಿಸ್ಕತ್ತು ಬಂದ್. ಹಬ್ಬದ ಹೋಳಿಗೆ ಬಂದ್, ಗೋಧಿ ಹುಗ್ಗಿ ಬಂದ್. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆಂದು ಅದನ್ನೂ ಬಿಡಿಸಿದೆ. ಇಂಗಿನವರೆಗೆ ಯೋಚನೆ ಮಾಡಿದವಳು ನಾನು!

ಮೊದಲ ಹದಿನೈದು ದಿನಕ್ಕೆ ತೂಕ 35.1ಕ್ಕೆ ಇಳಿಯಿತು. ಗಂಗವ್ವ ಅಳತೊಡಗಿದಳು. ಕರುಳು ಮಾಯಲು ಹೊತ್ತು ಬೇಕು ಎಂದು ಸಮಾಧಾನ ಹೇಳಿದೆ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಭೇದಿ ನಿಂತಿತು. ನವೆಂಬರಿನಲ್ಲಿ 38.6. ಜನವರಿಯಲ್ಲಿ 41. ಮಾರ್ಚಿನಲ್ಲಿ 43.5. ತಿಂಗಳಿಗೊಮ್ಮೆ ಸಂತೆಯ ದಿನ ತಾಯಿ ಮಗಳು ಬರುತ್ತಿದ್ದರು. ಮೊದಲು ಮೊಣಕೈವರೆಗೆ ಜಾರುತ್ತಿದ್ದ ಬಳೆಗಳು ಆಮೇಲೆ ಕೈ ಹಿಡಿದವು. ಒಂದು ದಿನ ಬಳೆಗಾರ ಸೋಪು ಹಚ್ಚಿ ಏರಿಸಬೇಕಾಯಿತು ಎಂದು ರೇಣುಕಾ ಬಂದವಳೇ ಎರಡೂ ಕೈ ಮುಂದೆ ಚಾಚಿದಳು. “ನೋಡ್ರಿ ಅಕ್ಕಾರ, ನಾನೂ ಹೆಂಗಸಾದೆ.”

ಅವಳ ಗಂಡ ಮಂಜಪ್ಪ ಶಿಗ್ಗಾಂವಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗ. ಒಳ್ಳೆಯವನು, ಮೆತ್ತಗಿನವನು. ತಿಂಗಳ ತೂಕದ ದಿನ ಕೆಲವು ಸಲ ಬೈಕಿನ ಮೇಲೆ ಹಿರೇಕೆರೂರಿಗೇ ಬರುತ್ತಿದ್ದ. ಒಳಗೆ ಬರಲು ನಾಚಿ, ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅವಳು ಹೊರಬಂದ ಕೂಡಲೇ, “ಎಷ್ಟ ಬಂತು?” ಅನ್ನುತ್ತಿದ್ದ. ಅವಳು ಬೇಕೆಂದೇ ಎರಡು ಕಿಲೋ ಕಡಿಮೆ ಹೇಳಿ ಅವನ ಮುಖ ಇಳಿದ ಮೇಲೆ ನಿಜ ಹೇಳುತ್ತಿದ್ದಳು. ಇಬ್ಬರೂ ಮುಂದಿನ ಹೋಟೆಲಿನಲ್ಲಿ ಚಹಾ ಕುಡಿದು ಬೇರೆ ಬೇರೆ ದಿಕ್ಕಿಗೆ ಹೋಗುತ್ತಿದ್ದರು. ಅವಳಿಗೆ ಆ ಮನೆಗೆ ಮರಳುವ ಆಸೆ ಎಷ್ಟಿತ್ತು ಎಂದು ನಾನು ಕಿಟಕಿಯಿಂದ ನೋಡಿದ್ದೇನೆ.

ಗಂಡನ ಮನೆಯವರು ಒಂದು ಸಂಖ್ಯೆ ಹಿಡಿದು ಕೂತಿದ್ದರು: ನಲವತ್ತೈದು. ಆ ಸಂಖ್ಯೆ ಅವರದಲ್ಲ, ನನ್ನದು. ಮೊದಲ ದಿನವೇ ಅವಳ ಎತ್ತರ ನೋಡಿ, “ನಲವತ್ತೈದು ಬಂದ್ರ ಚಿಂತಿಲ್ಲ” ಎಂದು ಗಂಗವ್ವನಿಗೆ ಹೇಳಿದ್ದೆ. ಅದು ಅವಳ ಬಾಯಿಂದ ಬೀಗರ ಕಿವಿಗೆ ಬಿದ್ದು ಕರಾರಾಯಿತು. ನಲವತ್ತೈದಾಗಲಿ, ಕರೆದುಕೊಂಡು ಹೋಗುತ್ತೇವೆ.

2022ರ ಜೂನ್ ಮೊದಲ ವಾರ 46.2 ಬಂತು. ಹತ್ತು ತಿಂಗಳಲ್ಲಿ ಹತ್ತಿರ ಹತ್ತಿರ ಹನ್ನೊಂದು ಕಿಲೋ. ರಕ್ತ ಪರೀಕ್ಷೆಯಲ್ಲೂ ಆಂಟಿಬಾಡಿ ಇಳಿದಿತ್ತು. ಗಂಗವ್ವ ದವಾಖಾನೆಗೆಲ್ಲ ಪೇಡೆ ಹಂಚಿದಳು. ನಾನು ಬಿಳಿ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಅವಳ ಅತ್ತೆ ನೀಲವ್ವನಿಗೆ ಒಂದು ಪಟ್ಟಿ ಬರೆದುಕೊಟ್ಟೆ. ಏನು ಕೊಡಬಾರದು ಎಂಬುದರ ಕೆಳಗೆ ಏನು ಕೊಡಬಹುದು ಎಂದು ಬರೆದು, ಮೊದಲ ಸಾಲಿನಲ್ಲೇ ಹೀಗೆ ಹಾಕಿದೆ: “ಜೋಳದ ರೊಟ್ಟಿ, ಎಷ್ಟು ಬೇಕಾದರೂ.”

ಅವಳು ಹೋಗಿ ಮೂರು ವಾರಕ್ಕೆ ಫೋನು ಬಂತು. ಬೆಳಿಗ್ಗೆ ಹನ್ನೊಂದರ ಹೊತ್ತು, ಹೊರಗೆ ಐದಾರು ಜನ ಕಾಯುತ್ತಿದ್ದರು.

“ಅಕ್ಕಾರ, ನಾ ರೇಣುಕಾ. ಇಲ್ಲಿ ರೊಟ್ಟಿ ಯಾಕೋ ಒಗ್ಗವಲ್ದರಿ.”

“ಜ್ವಾಳದ್ದ ಹೌದಲ್ಲೋ?”

“ಜ್ವಾಳದ್ದ ಅಂತಾರ್ರಿ.”

“ಅಂತಾರ ಅಂದ್ರ? ರೊಟ್ಟಿ ನೀನ ಬಡಿಯೂದಿಲ್ಲೇನು?”

“ಬಡೀತೇನ್ರಿ. ಹಿಟ್ಟು ಕೈಗೆ ಬ್ಯಾರೇನ ಹತ್ತತೈತ್ರಿ. ನಮ್ಮವ್ವನ ಹಿಟ್ಟಿನಂಗಿಲ್ಲ.”

“ಊರಿಗೊಂದು ಜ್ವಾಳ ಇರತೈತೆವ್ವಾ. ಅತ್ತಿ ಮನಿ ಅಂದಮ್ಯಾಲ ಹೊಟ್ಟಿಗೂ ರೂಢಿ ಆಗಬೇಕು. ಅನುಮಾನ ಮಾಡಬ್ಯಾಡ, ಊಟ ಬಿಡಬ್ಯಾಡ.”

“ಅತ್ತಿಗೆ ಕೇಳಿದ್ರ ಸಿಟ್ಟ ಮಾಡ್ಕೊಂತಾರ್ರಿ. ನೀವರೆ ಒಂದ ಮಾತು…”

“ಹೋಗೇ ಇನ್ನೂ ತಿಂಗಳಾಗಿಲ್ಲ, ಜಗಳಾ ತಕ್ಕೊಂಡು ಕುಂದರತಿಯೇನು? ಹೊಂದ್ಕೊಂಡ ಹೋಗು.”

ಅವಳು “ಹೂಂ” ಎಂದು ಇಟ್ಟಳು. ನಾನು ಮುಂದಿನವರನ್ನು ಕರೆದೆ.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮ ಕಡೆಯ ರೂಢಿ. ಆಗಸ್ಟಿನಲ್ಲಿ ರೇಣುಕಾ ಬಂದಾಗ ಗಂಗವ್ವ ನೇರ ನನ್ನ ಹತ್ತಿರ ಕರೆತಂದಳು. 42.9. ಮುಖ ಬಾಡಿತ್ತು. ಜಾಗ ಬದಲಾದದ್ದು, ಕೆಲಸ ಹೆಚ್ಚಾದದ್ದು ಇರಬಹುದು ಎಂದುಕೊಂಡೆ. ಷರಾದಲ್ಲಿ “ವಿಶ್ರಾಂತಿ ಬೇಕು” ಎಂದು ಬರೆದೆ. ತವರಿನಲ್ಲಿ ಹತ್ತು ದಿನ ಇದ್ದು ಹೋದಳು. ಆ ಹತ್ತು ದಿನ ಹೊಟ್ಟೆ ನೆಟ್ಟಗಿತ್ತು ಎಂದು ಗಂಗವ್ವ ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ತಾಯಿಯ ಕೈ ಊಟ ಎಂದರೆ ಹಾಗೆಯೇ ಅಲ್ಲವೇ ಎಂದು ನಕ್ಕೆ.

ದೀಪಾವಳಿಗೆ ಬಂದವಳು 38.1 ಇದ್ದಳು. ಬಂದ ಹನ್ನೊಂದರಲ್ಲಿ ಎಂಟು ಕಿಲೋ ಐದು ತಿಂಗಳೊಳಗೆ ಹೋಗಿತ್ತು. ಡಾಕ್ಟರು ಮತ್ತೆ ರಕ್ತ ಕಳಿಸಿದರು. ಆಂಟಿಬಾಡಿ ಮೊದಲಿನ ಮಟ್ಟಕ್ಕೇ ಏರಿತ್ತು. ವರದಿಯನ್ನು ನನ್ನ ಮೇಜಿನ ಮೇಲಿಟ್ಟು, “ಎಲ್ಲೋ ಗೋದಿ ಹೊಟ್ಟಿಗೆ ಹೋಗಾಕತ್ತೈತಿ. ಎಲ್ಲಿ ಅಂತ ಹುಡುಕ್ರಿ,” ಎಂದರು.

ನಾನು ಹುಡುಕಲಿಲ್ಲ. ನನಗೆ ಗೊತ್ತಿದೆ ಎಂದುಕೊಂಡೆ. ಪಂಚಮಿ, ಗಣಪತಿ, ದಸರೆ, ದೀಪಾವಳಿ, ಸಾಲು ಹಬ್ಬ. ಇಪ್ಪತ್ತೈದರ ಹುಡುಗಿ. ಮನೆ ತುಂಬ ಹೋಳಿಗೆಯ ವಾಸನೆ. ಇಂಥ ರೋಗಿಗಳು ಬಾಯಿಚಪಲಕ್ಕೆ ಕದ್ದು ತಿನ್ನುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದರು. ತಾಯಿಯನ್ನು ಹೊರಗೆ ಕೂಡಿಸಿ ಅವಳನ್ನು ಕೇಳಿದೆ.

“ಖರೇ ಹೇಳು. ಹೋಳಿಗಿ ತಿಂದಿಯಿಲ್ಲೋ?”

“ಇಲ್ರಿ.”

“ಹುಗ್ಗಿ?”

“ಮುಟ್ಟಿಲ್ರಿ.”

“ಮತ್ತ ರಕ್ತ ಸುಳ್ಳ ಹೇಳತೈತೇನು?”

ಅವಳು ನನ್ನ ಮುಖ ನೋಡಿದಳು. “ರಕ್ತ ಯಾಕ ಸುಳ್ಳ ಹೇಳತೈತ್ರಿ. ನಾನ ಹೇಳಾಕತ್ತೇನಿ, ಅಲ್ರಿ?” ಎಂದಳು. ಅದು ವ್ಯಂಗ್ಯ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಸಿಟ್ಟು ಬಂತು. ಹತ್ತು ತಿಂಗಳು ಇವಳಿಗಾಗಿ ಒದ್ದಾಡಿದ್ದೇನೆ, ನನಗೇ ಎದುರು ಮಾತಾಡುತ್ತಾಳಲ್ಲ ಎಂದು. ಪುಸ್ತಕ ಎಳೆದುಕೊಂಡು ತೂಕದ ಮುಂದೆ ಎರಡು ಪದ ಬರೆದೆ: “ಪಥ್ಯ ಪಾಲಿಸುತ್ತಿಲ್ಲ.”

ಡಿಸೆಂಬರಿನಲ್ಲಿ ಗಂಗವ್ವ ಒಬ್ಬಳೇ ಬಂದಳು. ಬೀಗರು ಹಿರಿಯರನ್ನು ಕೂಡಿಸುತ್ತಾರಂತೆ, ಹೆಣ್ಣು ಈ ಮನೆಗೆ ಆಗಿಬರುವುದಿಲ್ಲ, ಬಿಡಿಸಿಕೊಡಿ ಅನ್ನುತ್ತಾರಂತೆ. “ನನ್ನ ಮಗಳು ನನ್ನ ಮನ್ಯಾಗ ನಲವತ್ತಾರು ಕಿಲೋ ಇದ್ದಳು, ಅವರ ಮನ್ಯಾಗ ಮೂವತ್ತೆಂಟು ಆದಳು. ಹೊಟ್ಟಿಗೆ ಹಾಕಿಲ್ಲ ಅಂತ ನಾಕು ಮಂದಿ ಮುಂದ ತೋರಸಬೇಕ್ರಿ. ನಿಮ್ಮ ಪುಸ್ತಕದಾಗ ಎಲ್ಲಾ ಐತೆಲ್ಲ? ಜೆರಾಕ್ಸ್ ಕೊಡ್ರಿ. ನೀವೂ ಬರ್ರಿ, ಅಕ್ಕಾರ.” ಕೈ ಮುಗಿದಳು. ಅವಳಿಗೆ ಓದು ಬರುವುದಿಲ್ಲ. ನಾನು ಆ ಪುಟದ ಜೆರಾಕ್ಸ್ ಮಾಡಿಸಿ ಕೈಗಿಟ್ಟೆ. ಅಂಕಿಗಳು ಸ್ಪಷ್ಟ ಇವೆಯಲ್ಲ ಎಂದಷ್ಟೇ ನೋಡಿದೆ. ಕೊನೆಯ ಸಾಲಿನ ಷರಾ ನೆನಪೇ ಆಗಲಿಲ್ಲ.

ಹಿರಿಯರು ಗೊತ್ತು ಮಾಡಿದ ದಿನ ಹಿರೇಕೆರೂರಿನಿಂದ ಹಾವೇರಿ, ಅಲ್ಲಿಂದ ಶಿಗ್ಗಾಂವಿ, ಅಲ್ಲಿಂದ ಟಂಟಂ ಆಟೋದಲ್ಲಿ ಅವರ ಹಳ್ಳಿ. ಒಬ್ಬ ಹಿರಿಯರ ಮನೆಯ ಕಟ್ಟೆಯ ಮೇಲೆ ಜಮಖಾನ ಹಾಸಿದ್ದರು. ಮೂವರು ಹಿರಿಯರು, ಮಂಜಪ್ಪ, ಅವನ ಅವ್ವ ನೀಲವ್ವ, ಅವನ ಸೋದರಮಾವ, ಈ ಕಡೆ ಗಂಗವ್ವ, ರೇಣುಕಾ, ನಾನು. ಚಹಾ ಬಂತು. ಕುಶಲ ಆಯಿತು. ಆಮೇಲೆ ಗಂಗವ್ವ ಎದ್ದು ನಿಂತು ಹಾಳೆಯನ್ನು ಹಿರಿಯರ ಮುಂದೆ ಇಟ್ಟಳು.

“ನಾ ಓದದಾಕಿ. ಆದ್ರ ಈ ಹಾಳಿ ಓದೇತಿ. ಓದ್ರಿ, ನನ್ನ ಮಗಳನ್ನ ಹ್ಯಾಂಗ ಇಟ್ಟಿದ್ರು ಅಂತ.”

ಸೋದರಮಾವ ಕೈ ಮುಂದೆ ಮಾಡಿ ಹಾಳೆ ಎತ್ತಿಕೊಂಡ. ಹತ್ತಿ ವ್ಯಾಪಾರದವನು, ಕನ್ನಡಕ ಏರಿಸಿ ಒಂದೊಂದೇ ತೂಕ ಗಟ್ಟಿಯಾಗಿ ಓದಿದ. ಮೂವತ್ತೈದು. ಮೂವತ್ತೆಂಟು. ನಲವತ್ತೊಂದು. ಪ್ರತಿ ಅಂಕಿಗೂ ಗಂಗವ್ವ ತಲೆ ಆಡಿಸಿದಳು. ಕೊನೆಗೆ ಮೂವತ್ತೆಂಟು ಪಾಯಿಂಟ್ ಒಂದು ಎಂದು ಓದಿ ನಿಲ್ಲಿಸಿದ. ಕನ್ನಡಕದ ಮೇಲಿಂದ ನನ್ನನ್ನು ನೋಡಿದ.

“ಇದರ ಮುಂದ ಬರದದ್ದೂ ಓದೂಣಲ್ರಿ, ಅಕ್ಕಾರ? ನಿಮ್ಮದ ಅಕ್ಷರ ಅಲ್ಲೇನು? ‘ಪಥ್ಯ ಪಾಲಿಸುತ್ತಿಲ್ಲ.’ ಕೇಳಿದ್ರೇನ್ರಿ ಹಿರ್ಯಾರ? ನಾವು ಉಪವಾಸ ಕೆಡವಿಲ್ಲ. ಆಕಿನ ತಿನಬಾರದ್ದು ತಿಂದು ಮೈ ಕೆಡಿಸ್ಕೊಂಡಾಳ. ಇದು ನಮ್ಮ ಮಾತಲ್ಲ, ಅವರು ತಂದ ಹಾಳಿ ಮಾತು.”

ಗಂಗವ್ವ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ತನಗೆ ಕೇಳಿಸಿದ್ದು ತಪ್ಪಿರಬೇಕು, ಅಕ್ಕಾರು ಸರಿಮಾಡುತ್ತಾರೆ ಎಂಬ ನಂಬಿಕೆ ಆ ಮುಖದಲ್ಲಿ. ನಾನು ನೆಲ ನೋಡಿದೆ.

ಆಗ ಮಾತಾಡಿದವಳು ನೀಲವ್ವ. ಆ ಹೆಂಗಸನ್ನು ನಾನು ಅದುವರೆಗೆ ಕೆಟ್ಟ ಅತ್ತೆ ಎಂದೇ ಲೆಕ್ಕ ಹಿಡಿದಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ಕೇಳಿದಳು.

“ಅಕ್ಕಾರ, ನಿಮ್ಮ ಚೀಟಿ ದೇವರ ಮಾಡದಾಗ ಇಟ್ಟೇನ್ರಿ. ನನ್ನ ಮಗನ ಕಡಿಂದ ದಿನಾ ಓದಿಸ್ತಿದ್ದೆ. ಒಂದ ದಿನ ಚಪಾತಿ ಕೊಟ್ಟಿಲ್ಲ, ಉಪ್ಪಿಟ್ಟ ಕೊಟ್ಟಿಲ್ಲ. ಜ್ವಾಳದ ರೊಟ್ಟಿ ಎಷ್ಟ ಬೇಕಾದ್ರೂ ಅಂತ ಬರದಿದ್ರಿ. ಆಕಿ ಒಂದ ಸಾಕು ಅಂದ್ರ ಒತ್ತಾಯ ಮಾಡಿ ಮೂರು ತಿನಿಸೇನಿ. ತೆಳ್ಳಗ ಆದಂಗ ಆದಂಗ ಇನ್ನೊಂದು ಹಾಕೇನಿ. ಎದರಾಗ ಕಡಿಮಿ ಮಾಡೇನಿ ಹೇಳ್ರಿ? ಈ ವರ್ಷ ಪ್ಯಾಟಿ ಜ್ವಾಳ, ಜಿಗಿನ ಇಲ್ಲ, ರೊಟ್ಟಿ ಸೀಳತಾವು ಅಂತ ಸೇರಿಗೊಂದ ಹಿಡಿ ಗೋದಿ ಹಾಕಿ ಬೀಸಿಸಿಕೊಂಡ ಬಂದು, ಮೆತ್ತಗ ಹೂವಿನಂಥ ರೊಟ್ಟಿ…”

“ಏನ ಹಾಕಿ?” ಎಂದೆ.

“ಹಿಡಿ ಗೋದಿರಿ. ಜಿಗಿ ಬರಲಿ ಅಂತ.”

ಜಿಗಿ ಎಂದರೆ ಹಿಟ್ಟಿನ ಅಂಟು. ಜೋಳ ಹಳೆಯದಾದರೆ, ಹೈಬ್ರಿಡ್ ಆದರೆ ಅಂಟು ಇರುವುದಿಲ್ಲ. ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಆಗ ಗಿರಣಿಗೆ ಹೋಗುವ ಮುಂಚೆ ಜೋಳದ ಪುಟ್ಟಿಯಲ್ಲಿ ಒಂದೊಂದು ಹಿಡಿ ಗೋಧಿ ಬೆರೆಸುತ್ತಾರೆ. ಅದನ್ನು ಯಾರೂ ಗೋಧಿ ಎಂದು ಎಣಿಸುವುದಿಲ್ಲ. ರೊಟ್ಟಿ ಜೋಳದ್ದೇ. ಸಾರಿಗೆ ಹಾಕಿದ ಉಪ್ಪನ್ನು ಯಾರಾದರೂ ಊಟ ಎನ್ನುತ್ತಾರೆಯೇ, ಹಾಗೆ.

ಇದನ್ನು ನಾನು ಹೊಸದಾಗಿ ತಿಳಿದುಕೊಂಡೆ ಎಂದು ಬರೆದರೆ ಸುಳ್ಳಾದೀತು. ಸವಣೂರಿನ ನಮ್ಮ ತವರಿನಲ್ಲಿ ನಮ್ಮ ಅಮ್ಮಿಯೂ ಹಾಗೆಯೇ ಬೆರೆಸುತ್ತಿದ್ದಳು. ಹನ್ನೆರಡು ವರ್ಷದವಳಿದ್ದಾಗ ಗಿರಣಿಗೆ ಪುಟ್ಟಿ ಹೊತ್ತವಳು ನಾನೇ. ಈದ್ ಹಬ್ಬದ ಶ್ಯಾವಿಗೆಯಲ್ಲಿ ಗೋಧಿ ಇದೆ ಎಂದು ನೆನಪಿತ್ತು, ಇಂಗಿನ ಡಬ್ಬಿಯಲ್ಲಿ ಇದೆ ಎಂದು ಹುಬ್ಬಳ್ಳಿಯ ಪುಸ್ತಕದಲ್ಲಿ ಓದಿದ್ದೆ. ನಾನೇ ಹೊತ್ತ ಪುಟ್ಟಿಯಲ್ಲಿದ್ದ ಆ ಹಿಡಿ ಮಾತ್ರ ಮೇಜಿನ ಹಿಂದೆ ಕೂತ ಮೇಲೆ ನೆನಪಾಗಲಿಲ್ಲ. ಆ ಹುಡುಗಿ ಫೋನಿನಲ್ಲಿ “ಹಿಟ್ಟು ಕೈಗೆ ಬ್ಯಾರೇನ ಹತ್ತತೈತಿ” ಅಂದಾಗಲೂ ಆಗಲಿಲ್ಲ. ದಿನಾ ರೊಟ್ಟಿ ಬಡಿಯುವ ಅವಳ ಅಂಗೈ ಹುಬ್ಬಳ್ಳಿಯ ಲ್ಯಾಬಿಗಿಂತ ನಾಲ್ಕು ತಿಂಗಳು ಮುಂಚೆ ರೋಗ ಹಿಡಿದಿತ್ತು.

ಎದ್ದು ನಿಂತೆ. “ತಪ್ಪು ನಂದು. ಆ ಹಿಡಿ ಗೋದಿನ ಆಕಿಗೆ ವಿಷ. ಆಕಿ ಕದ್ದು ತಿಂದಿಲ್ಲ, ನೀಲವ್ವಾರೂ ಬೇಕಂತ ಹಾಕಿಲ್ಲ. ನಾ ಕೇಳಬೇಕಿತ್ತು, ಕೇಳಲಿಲ್ಲ. ಆ ಷರಾ ಸುಳ್ಳು,” ಎಂದೆ.

ಮಂಜಪ್ಪ ಮೊದಲ ಸಲ ತಲೆ ಎತ್ತಿದ.

“ಆ ಹಿಡಿ ಬಿಟ್ರ ಮತ್ತ ಮೊದಲಿನಂಗ ಆಗತಾಳೇನ್ರಿ?”

“ಆಗತಾಳಪ್ಪಾ. ಮಾಸೂರಾಗ ಆಗಿದ್ಲಲ್ಲ. ಹತ್ತ ತಿಂಗಳು ಕೊಡ್ರಿ.”

ಅವನು ಇನ್ನೇನೋ ಕೇಳುವವನಿದ್ದ. ಸೋದರಮಾವ ಅವನ ತೊಡೆಯ ಮೇಲೆ ಕೈ ಇಟ್ಟು ನಕ್ಕ. “ಒಂದ ಹಿಡಿ ಗೋದಿಗೆ ಎಂಟ ಕಿಲೋ ಹೋತಂತ. ಅಕ್ಕಾರ, ನಾನು ವ್ಯಾಪಾರದವ, ಇಂಥ ತೂಕ ನಾ ಎಲ್ಲೂ ನೋಡಿಲ್ಲ. ಆವತ್ತು ಬರದದ್ದು ಸುಳ್ಳು ಅಂತೀರಿ, ಇವತ್ತು ಬಾಯಿಲೆ ಹೇಳೂದು ಖರೇ ಅಂತೀರಿ. ಹಿರ್ಯಾರು ಯಾವುದನ್ನ ನಂಬಬೇಕು? ನಾಳೆ ಮತ್ತೊಂದು ಹಿಡಿ ಹುಡುಕಿ ತರತೀರಿ.”

ಹಿರಿಯರಲ್ಲಿ ಒಬ್ಬರು, “ಆಕಿ ತಾಯಿ ತಂದ ಹಾಳಿ. ಅದರಾಗ ಹಿಂಗ ಬರದೈತಿ. ನಾವೇನ ಮಾಡೂಣವ್ವಾ?” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬರೆದದ್ದಕ್ಕೆ ಬೆಲೆ ಕೊಡುವ ಜನ ಅವರು. ನಾನೂ ಅಂಥವಳೇ ಆಗಿದ್ದೆ.

ರೇಣುಕಾ ಅಷ್ಟು ಹೊತ್ತೂ ಗಂಡನನ್ನೇ ನೋಡುತ್ತಿದ್ದಳು. ಅವನು ಮಾವನ ಕೈಯನ್ನು ತೊಡೆಯಿಂದ ಸರಿಸುತ್ತಾನೋ ಎಂದು ನೋಡುತ್ತಿದ್ದಳೆಂದು ನನಗೆ ಅನಿಸಿತು. ಅವನು ಸರಿಸಲಿಲ್ಲ. ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ನನ್ನ ಕೈಲೆ ತಿನಿಸಿದೆನಲ್ಲೋ ಯಪ್ಪಾ” ಅನ್ನುತ್ತಿದ್ದಳು. ಅವಳೊಬ್ಬಳಿಗೆ ನನ್ನ ಮಾತು ನಿಜ ಅನಿಸಿತ್ತು. ಅವಳ ಮಾತು ನಡೆಯುವ ಕಟ್ಟೆ ಅದಾಗಿರಲಿಲ್ಲ.

“ಬರಕೊಡ್ರಿ,” ಎಂದಳು ರೇಣುಕಾ. “ಸೋಡಚೀಟಿ ಬರಕೊಡ್ರಿ. ಕದ್ದು ತಿಂತಾಳ ಅನಸ್ಕೊಂಡು ಆ ಮನ್ಯಾಗ ಮತ್ತ ತುತ್ತು ಎತ್ತಾಕ ನನ್ನ ಕೈಲೆ ಆಗಂಗಿಲ್ಲ.”

ಅವತ್ತು ಬರೆದ ಬಿಡುಗಡೆಯ ಚೀಟಿಗೆ ಕಾನೂನಿನ ಬಲ ಇರಲಿಲ್ಲ. ಅದು ಕೋರ್ಟಿನಲ್ಲಿ ಮುಗಿಯಲು ಮತ್ತೂ ಒಂದೂವರೆ ವರ್ಷ ಹಿಡಿಯಿತು. ಆದರೆ ಸಂಬಂಧ ಮುಗಿದದ್ದು ಆ ಕಟ್ಟೆಯ ಮೇಲೆಯೇ. ಮರಳುವಾಗ ಬಸ್ಸಿನಲ್ಲಿ ತಾಯಿ ಮಗಳು ಮುಂದಿನ ಸೀಟಿನಲ್ಲಿ ಕುಳಿತರು. ನಾನು ಹಿಂದೆ ಕುಳಿತೆ. ಹಾವೇರಿಯಲ್ಲಿ ಬಸ್ಸು ಬದಲಿಸುವಾಗ ಗಂಗವ್ವ ಒಂದೇ ಮಾತು ಆಡಿದಳು. “ಆ ಹಾಳಿ ನನ್ನ ಕೈಯಿಂದನ ಕಳಿಸಿದ್ರೆಲ್ಲ, ಅಕ್ಕಾರ.”

ಮಾಸೂರಿನಲ್ಲಿ ಅವಳ ಹೊಟ್ಟೆ ಯಾಕೆ ನೆಟ್ಟಗಿತ್ತು ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ಗಂಗವ್ವನಿಗೆ ಕೂಲಿಯ ಜೊತೆ ಹೊಲದ ಹೊಸ ಬಿಳಿಜೋಳವೇ ಬರುತ್ತಿತ್ತು, ಜಿಗಿಗೆ ಕೊರತೆ ಇರಲಿಲ್ಲ. ಗಿರಣಿಯಲ್ಲೂ ಅವಳು ಯಾರದಾದರೂ ಜೋಳ ಬೀಸಿದ ಮೇಲೆಯೇ ತನ್ನ ಪುಟ್ಟಿ ಸುರಿಸುತ್ತಿದ್ದಳು. ಗೋಧಿಯ ಹಿಂದೆ ಬೀಸಿದರೆ ರೊಟ್ಟಿಯ ರುಚಿ ಕೆಡುತ್ತದೆ ಎಂದು ಅವಳ ಹಟ. ಆ ಹನ್ನೊಂದು ಕಿಲೋ ಬಂದದ್ದು ನನ್ನ ಪಟ್ಟಿಯಿಂದಲ್ಲ, ಓದು ಬಾರದ ಆ ಹೆಂಗಸಿನ ನಾಲಿಗೆಯಿಂದ. ಪೇಡೆಯನ್ನು ಮಾತ್ರ ನಾನು ತಿಂದಿದ್ದೆ.

ರೇಣುಕಾ ಈಗ ಮಾಸೂರಿನಲ್ಲೇ ಇದ್ದಾಳೆ. ಹತ್ತಿ ಬೀಜದ ಪ್ಲಾಟಿನಲ್ಲಿ ಹೂವಿಗೆ ಹೂವಿನ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮಂಜಪ್ಪನಿಗೆ ಬೇರೆ ಮದುವೆಯಾಯಿತು, ಒಂದು ಕೂಸೂ ಇದೆಯಂತೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಗೆ ಅವಳು ದವಾಖಾನೆಗೆ ಬರುತ್ತಾಳೆ, ಡಾಕ್ಟರನ್ನು ಕಂಡು ಹೋಗುತ್ತಾಳೆ. ಕಳೆದ ಸಲ ಬಂದಾಗ ನಾನೇ ಅಡ್ಡ ನಿಂತು ಕರೆದು ಕೂಡಿಸಿದೆ. ಮೈ ತುಂಬಿಕೊಂಡಿದ್ದಳು. ಹಿಮೋಗ್ಲೋಬಿನ್ ಹನ್ನೆರಡರ ಹತ್ತಿರ ಇತ್ತು. ಎಷ್ಟು ಸಲ ಮನಸ್ಸಿನಲ್ಲಿ ಅಂದುಕೊಂಡಿದ್ದೆನೋ, ಅದನ್ನು ಹೇಳಿದೆ. “ನನ್ನಿಂದ ತಪ್ಪಾತವ್ವಾ.”

“ಹೌದ್ರಿ,” ಎಂದಳು. ಬೇರೆ ಯಾರಾದರೂ ಆಗಿದ್ದರೆ, ಹೋಗಲಿ ಬಿಡ್ರಿ ಅನ್ನುತ್ತಿದ್ದರು. ಅವಳು ಅನ್ನಲಿಲ್ಲ. “ನೀವು ಬರದದ್ದನ್ನ ಎಲ್ಲಾರೂ ಓದಿದ್ರು. ನಾ ಹೇಳಿದ್ದು ಎಲ್ಲಿ ಬರದಿತ್ರಿ?”

ಉತ್ತರ ಕಾಯದೆ ಎದ್ದು ಹೋದಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ತೂಕದ ಯಂತ್ರ ಎಷ್ಟು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಅದರ ಮೇಲೆ ನಿಂತವರು. ರೋಗಿಯ ಮಾತು ಮತ್ತು ವರದಿ ಹೊಂದದಿದ್ದರೆ, ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುವುದು ಎಲ್ಲಕ್ಕಿಂತ ಸುಲಭ, ಮತ್ತು ಆ ಸುಲಭದ ಬೆಲೆಯನ್ನು ತೆರುವವರು ನಾವಲ್ಲ. ಈಗ ಯಾರಾದರೂ ಜೋಳದ ರೊಟ್ಟಿ ಎಂದರೆ, ಜೋಳ ಎಲ್ಲಿಯದು, ಏನು ಬೆರೆಸಿದಿರಿ, ಗಿರಣಿಯಲ್ಲಿ ನಿಮ್ಮ ಮುಂದೆ ಯಾರು ಏನು ಬೀಸಿಸಿದರು ಎಂದು ಕೇಳುತ್ತೇನೆ. ಷರಾದ ಜಾಗದಲ್ಲಿ ನನ್ನ ತೀರ್ಮಾನ ಬರೆಯುವುದನ್ನು ಬಿಟ್ಟಿದ್ದೇನೆ. ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯುತ್ತೇನೆ.

ಅವಳು ಹೋದ ಮೇಲೆ 2022ರ ಪುಸ್ತಕ ಕಪಾಟಿನಿಂದ ತೆಗೆದು, ಅವಳು ಫೋನು ಮಾಡಿದ ದಿನ ಹುಡುಕಿದೆ. ಆ ವಾರದ ಪ್ರತಿ ದಿನವೂ ಇದೆ. ಯಾರ ತೂಕ ಎಷ್ಟು, ಯಾರ ಸಕ್ಕರೆ ಎಷ್ಟು, ಎಲ್ಲ ಇದೆ. ಅವಳ ಫೋನು ಬಂದದ್ದು ಮಂಗಳವಾರವೋ ಬುಧವಾರವೋ, ಅದು ಇಲ್ಲ.